ಎರಡು ಎದೆಗೆ ಒಂದು ಆಬ್ಜೆಕ್ಟ್

ಪಟ್ಟಿಗಳು ನಲವತ್ತಮೂರು. ಆಬ್ಜೆಕ್ಟುಗಳು ನಲವತ್ತೆರಡು.

ಹುಲಿಗೆಮ್ಮ ಮೂರು ಸಲ ಎಣಿಸಿದಳು. ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಹಿರೇಬಂಡಿಯ ಉಸಿರು ಕೇಂದ್ರದಲ್ಲಿ ಕರೆಂಟಿತ್ತು, ಚಹಾ ಬಂದಿತ್ತು, ಹೊರಗೆ ಕ್ವಾರಿಯ ಲಾರಿಗಳು ಎಂದಿನಂತೆ ಕಲ್ಲಿನ ದಿಮ್ಮಿ ಹೊತ್ತು ಹೋಗುತ್ತಿದ್ದವು.

"ಸಂಗಯ್ಯಾರ, ಯಾರರೆ ತೀರಿಕೊಂಡಾರೇನ್ರಿ?"

ಎದುರಿನ ಮೇಜಿನ ಆಪರೇಟರ್ ಸಂಗಯ್ಯನವರು ಬಶಿಯಲ್ಲಿ ಚಹಾ ಸುರುವಿಕೊಳ್ಳುತ್ತಿದ್ದರು. "ಇಲ್ಲವಾ. ನಲವತ್ತಮೂರೂ ಮಂದಿ ಉಸುರಾಡಾಕತ್ತಾರ. ಮುಂಜಾನೆದ್ದು ಎಂಥಾ ಮಾತು ಕೇಳ್ತಿ?"

ಹಿರೇಬಂಡಿಯಲ್ಲಿ ಕಲ್ಲು ಕೊರೆದವರ ಎದೆ ನಲವತ್ತೈದಕ್ಕೇ ಕಲ್ಲಾಗುತ್ತಿತ್ತು. ಪುಡಿ ಒಳಗೆ ಹೋಗಿ ಕೂತು ಶ್ವಾಸಕೋಶ ಗಟ್ಟಿಯಾಗಿ, ಉಸಿರೆಳೆಯುವುದೇ ದಿನದ ದುಡಿಮೆಯಾಗಿಬಿಡುತ್ತಿತ್ತು. ಆರು ವರ್ಷದ ಹಿಂದೆ ಪಟ್ಟಿ ಬಂತು. ಪಕ್ಕೆಲುಬಿನ ಕೆಳಗೆ ಬಿಗಿದು ಕಟ್ಟುವ, ನಾಲ್ಕು ಬೆರಳು ಅಗಲದ ಸಾಧನ. ಎದೆಯೊಳಗಿನ ಸದ್ದು ಕೇಳಿಸಿಕೊಂಡು, ಉಸಿರಿನ ಸ್ನಾಯುವಿಗೆ ಸಣ್ಣ ವಿದ್ಯುತ್ ಕೊಟ್ಟು, ಬೇಕಾದಷ್ಟೇ ಎಳೆಯುತ್ತದೆ. ಆದರೆ ಎಷ್ಟು ಎಳೆಯಬೇಕು ಎಂಬ ಬುದ್ಧಿ ಪಟ್ಟಿಯಲ್ಲಿಲ್ಲ. ಅದು ಈ ಕೇಂದ್ರದ ಕಂಪ್ಯೂಟರಿನಲ್ಲಿದೆ. ಟವರಿನ ಮೂಲಕ ಪಟ್ಟಿ ಕೇಳುತ್ತಲೇ ಇರುತ್ತದೆ, ಪ್ರೋಗ್ರಾಂ ಹೇಳುತ್ತಲೇ ಇರುತ್ತದೆ. ಒಬ್ಬೊಬ್ಬ ರೋಗಿಗೂ ಅದರಲ್ಲಿ ಒಂದೊಂದು ಆಬ್ಜೆಕ್ಟ್. ಆ ಎದೆಯ ಗುಣ, ಹಠ, ಅಭ್ಯಾಸ ಎಲ್ಲವನ್ನೂ ಕಲಿತುಕೊಂಡು ಇಟ್ಟಿರುವ ಗಂಟು ಅದು. ಹೊಸ ರೋಗಿಯನ್ನು ಕಲಿಯಲು ಅದಕ್ಕೆ ಹನ್ನೊಂದು ದಿನ ಬೇಕು. ಆ ಹನ್ನೊಂದು ದಿನ ರೋಗಿ ಆಸ್ಪತ್ರೆಯ ಯಂತ್ರದ ಹಾಸಿಗೆಯ ಮೇಲೆ ಇರಬೇಕು.

ಸೋಮವಾರ ಹನ್ನೊಂದು ಗಂಟೆಗೆ ಇದೆಲ್ಲ ಜಿಲ್ಲಾ ಕೇಂದ್ರಕ್ಕೆ ವರ್ಗವಾಗುವುದಿತ್ತು. ಹಳೆಯ ಟವರಿನ ತರಂಗವನ್ನು ಬೇರೆ ಯಾರಿಗೋ ಕೊಟ್ಟಾಗಿತ್ತು. ಹನ್ನೊಂದರ ನಂತರ ಅದು ಬಂದ್. ಅಷ್ಟರೊಳಗೆ ಒಂದೊಂದು ಆಬ್ಜೆಕ್ಟನ್ನೂ ಕಡತಕ್ಕಿಳಿಸಿ ಕಳಿಸಬೇಕು. ಹುಲಿಗೆಮ್ಮ ಅದನ್ನು ಎಣಿಸುತ್ತಿದ್ದಳು.

ಹುಡುಕಲು ಅರ್ಧ ಗಂಟೆ ಹಿಡಿಯಿತು. ಹದಿನೇಳನೇ ಪಟ್ಟಿ ಮತ್ತು ಹದಿನೆಂಟನೇ ಪಟ್ಟಿ. ಎರಡು ವಿಂಡೋ, ತಲೆಬರಹದಲ್ಲಿ ಎರಡು ಹೆಸರು, ಕಂಪ್ಯೂಟರಿನ ನೆನಪಿನಲ್ಲಿ ಒಂದೇ ಜಾಗ.

ಅವಳಿಗೆ ತಕ್ಷಣ ಅರ್ಥವಾಯಿತು, ಯಾಕೆಂದರೆ ಪ್ರೋಗ್ರಾಮಿನ ಆ ಸಾಲು ಬರೆದವಳು ಅವಳೇ. ಮೂರು ವರ್ಷದ ಹಿಂದೆ, ಗುತ್ತಿಗೆಯ ಮೇಲೆ ಸೇರಿದ ಎರಡನೇ ವಾರ. ಪ್ರೋಗ್ರಾಮಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಆಬ್ಜೆಕ್ಟ್ ಕೊಡುವುದೆಂದರೆ ಪಾತ್ರೆ ದಾಟಿಸಿದಂತಲ್ಲ, ಮನೆಯ ವಿಳಾಸ ಬರೆದುಕೊಟ್ಟಂತೆ. ಚೀಟಿ ಎಷ್ಟಾದರೂ ಮನೆ ಒಂದೇ. ಚೀಟಿ ಹಿಡಿದವರೆಲ್ಲ ಅದೇ ಬಾಗಿಲು ತೆಗೆದು, ಅದೇ ಕಪಾಟಿನಲ್ಲಿ ಕೈಯಾಡಿಸುತ್ತಾರೆ. ಹೊಸ ಮನೆಯೇ ಬೇಕಿದ್ದರೆ ಕಾಪಿ ಮಾಡಿ ಕೊಡಬೇಕು. ಹಾಸ್ಟೆಲ್ ಲೈಬ್ರರಿಯಲ್ಲಿ ಓದಿದ್ದ ಪುಸ್ತಕದಲ್ಲಿ ಅದು ಎರಡನೇ ಅಧ್ಯಾಯ. ಅವಳು ಓದಿದ್ದಳು. ರೋಗಿಯ ಅರ್ಜಿಯ ವಿಂಡೋದಿಂದ ಪಟ್ಟಿಯ ವಿಂಡೋಗೆ ಕಾಪಿಯಿಲ್ಲದೆ ಹಾಗೇ ದಾಟಿಸಿದ್ದಳು. ಯಾಕೆಂದರೆ 'ಹೊಸ ರೋಗಿ' ಬಟನ್ ಒತ್ತಿದರೆ ಹೇಗೂ ಹೊಸ ಆಬ್ಜೆಕ್ಟೇ ಹುಟ್ಟುತ್ತದಲ್ಲ.

"ಸಂಗಯ್ಯಾರ, ಹದಿನೆಂಟನೇದು ಗಂಗವ್ವ ಮಾದರ. ಆಕಿನ್ನ ಸೇರಿಸುವಾಗ 'ಹೊಸ ರೋಗಿ' ಒತ್ತಿದ್ರ್ಯಾ?"

"ಅದನ್ನ ಎಂದೂ ಒತ್ತಿಲ್ಲವಾ ನಾ."

"ಎಂದೂ?"

"ಒತ್ತಿದ್ರ ಅರವತ್ತೆಂಟು ಖಾನೆ ಖಾಲಿ ಬರ್ತಾವು. ಮೂವತ್ತು ವರ್ಷ ತಾಲೂಕು ಕಚೇರ್ಯಾಗ ಕುಂತಾಂವ ನಾ. ಹಿಂದಿನಾವರ ಅರ್ಜಿ ತಗಿ, ಹೆಸರು ತಿದ್ದು, ಮುಂದ ಹೋಗು. ಎಲ್ಲಾರೂ ಹಂಗ ಮಾಡ್ತಾರ."

ನಿಜ. ಎಲ್ಲರೂ ಹಾಗೇ ಮಾಡುತ್ತಾರೆ. ಹಿಂದಿನ ರೋಗಿಯ ವಿಂಡೋ ಮುಚ್ಚಿ ಮತ್ತೆ ತೆಗೆದರೆ ಕಡತದಿಂದ ಬೇರೆ ಆಬ್ಜೆಕ್ಟ್ ಬರುತ್ತಿತ್ತು, ಕೆಲಸ ನಡೆದುಹೋಗುತ್ತಿತ್ತು. ಆದರೆ ಹದಿನೇಳನೆಯವನು ಮತ್ತು ಹದಿನೆಂಟನೆಯವಳು ಒಂದೇ ದಿನ, ಒಂದೇ ಸಾಲಿನಲ್ಲಿ, ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ಸಂಗಯ್ಯನವರು ವಿಂಡೋ ಮುಚ್ಚಿರಲಿಲ್ಲ. ಮಾಬುಸಾಬ ಎಂಬ ಹೆಸರಿನ ಮೇಲೆ ಗಂಗವ್ವ ಎಂದು ಬಡಿದು ಪಟ್ಟಿ ಜೋಡಿಸಿದ್ದರು. ಪ್ರೋಗ್ರಾಂ ಅಂದಿನಿಂದ ಒಮ್ಮೆಯೂ ನಿಂತಿರಲಿಲ್ಲ. ನಿಲ್ಲಿಸುವ ಹಾಗೂ ಇರಲಿಲ್ಲ.

"ಹಂಗಾದ್ರ ಈ ಇಬ್ಬರೂ ಮೂರು ವರ್ಷ ಹೆಂಗ ಬದುಕ್ಯಾರ?" ಎಂದಳು ಹುಲಿಗೆಮ್ಮ. ಅವಳು ಸ್ಕೂಟಿ ಹತ್ತಿ ಮಾಬುಸಾಬನ ಮನೆಗೆ ಹೋದಳು.

ಮನೆ ಗುಡ್ಡದ ಮಗ್ಗುಲಲ್ಲಿತ್ತು, ಹನ್ನೊಂದು ಮೆಟ್ಟಿಲು ಮೇಲೆ. ಮಾಬುಸಾಬ ಕೆಳಗಿನ ಮೆಟ್ಟಿಲಿನ ಮೇಲೆ ಕೂತು, ಫೋನಿನಲ್ಲಿ ಯಾರಿಗೋ ಒಂದೇ ಒಂದು ಸಲ ರಿಂಗ್ ಕೊಟ್ಟು ಕತ್ತರಿಸಿದ. ಐವತ್ತೆಂಟರ ಉದ್ದನೆಯ ಆಳು. ಒಂದು ಕಾಲಕ್ಕೆ ಡ್ರಿಲ್ ಹಿಡಿದರೆ ಮಧ್ಯಾಹ್ನದವರೆಗೆ ಕೆಳಗಿಡುತ್ತಿರಲಿಲ್ಲವಂತೆ. ಅರ್ಧ ನಿಮಿಷಕ್ಕೆ ಆ ಕಡೆಯಿಂದಲೂ ಒಂದು ರಿಂಗ್ ಬಂತು. ಆಮೇಲಷ್ಟೇ ಎದ್ದ.

"ಬಾ ತಂಗೆವ್ವ, ಮ್ಯಾಲ ಹೋಗೂಣು. ಗಂಗವ್ವ ಕುಂತಾಳ. ಈಗ ಹತ್ತಬಹುದು."

ಹುಲಿಗೆಮ್ಮ ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟಳು. "ಯಪ್ಪಾ, ನಿಮಗ ಗೊತ್ತೈತಿ?"

"ಗೊತ್ತಿಲ್ಲದ ಏನು? ಎದಿ ನಂದಲ್ಲೇನು?"

ಒಳಗೆ ಅವನ ಹೆಂಡತಿ ಖಾಜಾಬಿ ರೊಟ್ಟಿ ಬಡಿಯುತ್ತಿದ್ದಳು. ಕತೆ ಹೇಳಿದವಳು ಅವಳೇ. ಗಂಡ ಉಸಿರು ಉಳಿಸಿಕೊಳ್ಳಲು ಮಾತು ಕಮ್ಮಿ ಮಾಡಿದ್ದ, ಅವನ ಪಾಲಿನದ್ದನ್ನೂ ಅವಳೇ ಆಡುತ್ತಿದ್ದಳು.

"ಪಟ್ಟಿ ಕಟ್ಟಿದ ಒಂದು ವರ್ಷಕ್ಕ ನೋಡವಾ, ಒಂದಿನ ಉಣ್ಣಾಕ ಕುಂತಾಂವ ಗಳಗಳ ಅಳಾಕ ಹತ್ತಿದ. ಕಣ್ಣಾಗ ಒಂದು ಹನಿ ನೀರಿಲ್ಲ. ಎದಿ ಒಂದ ಅಳತೈತಿ. ಬಿಕ್ಕಿ ಬಿಕ್ಕಿ. ಯಾಕ್ರೀ ಅಂದ್ರ, 'ನನಗೇನ ಗೊತ್ತಲೇ, ಎದಿ ಅಳಾಕತ್ತೈತಿ' ಅಂತಾನ. ಎಂಟು ದಿನ ಹಂಗ. ಗಾಳಿ ಬಡದೈತಿ ಅಂತ ದರ್ಗಾಕ್ಕ ಕರಕೊಂಡು ಹ್ವಾದೆ. ತಾಯತಾ ಕಟ್ಟಿಸಿದೆ. ಕಡೀಕ ಇಂವಗ ಹೊಳೀತು, ಇದು ನನ್ನ ಅಳು ಅಲ್ಲ, ಯಾರದೋ ಐತಿ ಅಂತ. ಪಟ್ಟಿ ಕಟ್ಟಿಸಿಕೊಂಡವರ ಮನೀಗೆಲ್ಲಾ ಹೋಗಿ ಕೇಳಿದ, ನಿಮ್ಮನ್ಯಾಗ ಯಾರರೆ ಸತ್ತಾರೇನು ಅಂತ. ಎಷ್ಟು ಮಂದಿ ಬೈದ್ರು! ಕ್ರಷರ್ ಓಣ್ಯಾಗ ಗಂಗವ್ವನ ಗಂಡ ಹೋಗಿ ಎಂಟು ದಿನ ಆಗಿತ್ತು."

ಅಂದಿನಿಂದ ಇಬ್ಬರೂ ಸೇರಿ ದಾರಿ ಮಾಡಿಕೊಂಡಿದ್ದರು. ಮೆಟ್ಟಿಲು ಹತ್ತುವ ಮುಂಚೆ ಒಂದು ರಿಂಗ್. ಮಲಗುವ ಮುಂಚೆ ಎರಡು. ಅವನು ಹತ್ತಿದರೆ ಅವಳ ಎದೆ ಜಗ್ಗುತ್ತಿತ್ತು. ಅವಳು ಹಗಲು ಮಲಗಿದರೆ ಇವನಿಗೆ ಗಾಳಿ ಸಾಲದಾಗುತ್ತಿತ್ತು. ಹಾಗಾಗಿ ಇಬ್ಬರೂ ಒಂದೇ ಹೊತ್ತಿಗೆ ಉಣ್ಣುತ್ತಿದ್ದರು, ಒಂದೇ ಹೊತ್ತಿಗೆ ಮಲಗುತ್ತಿದ್ದರು. ಗಂಗವ್ವ ರೋಜಾ ತಿಂಗಳಲ್ಲಿ ನಸುಕಿಗೆ ಎದ್ದು ಚಹಾ ಕುಡಿಯುತ್ತಿದ್ದಳು. ಮಾಬುಸಾಬ ಗಂಗವ್ವನ ಸೋಮವಾರದ ಒಪ್ಪತ್ತು ಹಿಡಿದಿದ್ದ. ಭಕ್ತಿಯಿಂದಲ್ಲ. ಹೊಟ್ಟೆ ತುಂಬಿದವರ ಉಸಿರು ಬೇರೆ, ಖಾಲಿ ಇದ್ದವರದು ಬೇರೆ.

"ಕೇಂದ್ರಕ್ಕ ಯಾಕ ಹೇಳಲಿಲ್ರಿ?"

"ಹೇಳಿದ್ರ ಇಬ್ಬರಾಗ ಒಬ್ಬರ ಪಟ್ಟಿ ಕಸಗೊಂತೀರಿ" ಎಂದ ಮಾಬುಸಾಬ.



ಶುಕ್ರವಾರವಿಡೀ ಹುಲಿಗೆಮ್ಮ ಬಿಡಿಸಲು ನೋಡಿದಳು. ಮೊದಲು ಆಬ್ಜೆಕ್ಟಿನ ಒಂದು ಕಾಪಿ ಮಾಡಿ ಬೇರೆ ಹೆಸರಿಟ್ಟಳು. ಎರಡು ವಿಳಾಸ ಬಂದವು. ಅರೆಗಳಿಗೆ ಸಮಾಧಾನವಾಯಿತು. ಆಮೇಲೆ ನೋಡಿದರೆ ಬೇರೆಯಾದದ್ದು ಹೊರಗಿನ ಗೋಡೆ ಮಾತ್ರ. ಒಳಗೆ, ಕಲಿತದ್ದನ್ನೆಲ್ಲ ಇಟ್ಟ ಕೋಣೆ ಇಬ್ಬರಿಗೂ ಒಂದೇ ಆಗಿ ಉಳಿದಿತ್ತು. ಮೇಲ್ಮೇಲಿನ ಕಾಪಿ. ಇದೂ ಎರಡನೇ ಅಧ್ಯಾಯದ್ದೇ. ಅಳಿಸಿ, ಈ ಸಲ ಒಳಕೋಣೆಯವರೆಗೂ ಹೋಗಿ, ಒಂದು ಗೂಟವನ್ನೂ ಬಿಡದೆ ಪೂರ್ತಿ ಕಾಪಿ ಮಾಡಿದಳು. ನೇರವಾಗಿ ಪಟ್ಟಿಗೆ ಜೋಡಿಸಲು ಧೈರ್ಯ ಸಾಲದೆ, ಪರೀಕ್ಷೆಯ ವಿಂಡೋದಲ್ಲಿ ಸುಳ್ಳು ಎದೆಯೊಂದಕ್ಕೆ ಕೊಟ್ಟು ನೋಡಿದಳು.

ಎಳೆತ ಏರಿತು. ಎರಡನೇ ನಿಮಿಷಕ್ಕೆ ಒಂದೂವರೆ ಪಟ್ಟು, ಆರನೇ ನಿಮಿಷಕ್ಕೆ ಎರಡು ಪಟ್ಟು. ಪರದೆಯ ಮೇಲಿನ ಸುಳ್ಳು ಶ್ವಾಸಕೋಶ ಹರಿಯಿತು.

ತಾಲೂಕು ಆಸ್ಪತ್ರೆಯ ಡಾಕ್ಟರ್ ಲಮಾಣಿ ಆ ಗೆರೆಗಳನ್ನು ನೋಡಿ ಕನ್ನಡಕ ತೆಗೆದಿಟ್ಟರು. "ಇದು ಇಬ್ಬರನ್ನ ಕಲಿತಿಲ್ಲ, ಹುಲಿಗೆಮ್ಮ. ನಾಲ್ಕು ಶ್ವಾಸಕೋಶ ಇರೋ ಒಬ್ಬ ಮನುಷ್ಯನನ್ನ ಕಲಿತಿದೆ. ಬೇರೆ ಮಾಡಿದ ಕೂಡಲೇ ಎರಡರ ಸದ್ದು ನಿಂತುಹೋಗ್ತದೆ. ಅರ್ಧ ಎದೆ ಸತ್ತಿದೆ ಅಂದುಕೊಂಡು ಎಳೀತದೆ. ಕಲ್ಲಾದ ಎದೆ ಅದು, ತಡೆಯೋದಿಲ್ಲ."

"ಹಂಗಾದ್ರ?"

"ಇಬ್ಬರದ್ದೂ ಬಿಚ್ಚಬೇಕು. ಇಬ್ಬರಿಗೂ ಹೊಸದಾಗಿ ಕಲಿಸಬೇಕು. ಹನ್ನೊಂದು ದಿನ."

"ಯಂತ್ರದ ಹಾಸಿಗಿ?"

"ನನ್ನ ಹತ್ರ ಒಂದು. ಜಿಲ್ಲೆಯಲ್ಲಿ ಆರು, ಆರೂ ತುಂಬಿವೆ. ಮುಂಜಾನೆಯಿಂದ ಅದನ್ನೇ ಕೇಳ್ತಿದ್ದೀನಿ."

"ಹಾಸಿಗಿ ಇಲ್ಲದ, ಬರೇ ಸಿಲಿಂಡರ್ ಮ್ಯಾಲ?"

"ಹತ್ತರಲ್ಲಿ ಒಬ್ಬರು ಉಳೀಬಹುದು. ಇಬ್ಬರಲ್ಲಿ ಯಾರಾದರೂ ಅಷ್ಟೇ."

ಹುಲಿಗೆಮ್ಮ ಜಿಲ್ಲಾ ಕೇಂದ್ರಕ್ಕೆ ಫೋನ್ ಮಾಡಿದಳು. ಒಂದು ದಾಖಲೆಗೆ ಎರಡು ಪಟ್ಟಿ ಜೋಡಿಸಲು ಬಿಡಿ, ಈಗ ಹೇಗಿದೆಯೋ ಹಾಗೇ ದಾಟಿಸುತ್ತೇನೆ ಎಂದಳು. ಆ ಕಡೆಯ ಅಧಿಕಾರಿ ಕೆಟ್ಟವನಲ್ಲ. ಪೂರ್ತಿ ಕೇಳಿಸಿಕೊಂಡ.

"ಹೊಸ ಪ್ರೋಗ್ರಾಮಿನಲ್ಲಿ ಆಗೋದಿಲ್ಲಮ್ಮ. ಒಬ್ಬ ಮನುಷ್ಯನಿಗೆ ಒಂದೇ ಎದೆ ಇರ್ತದಲ್ಲ?"

"ಇಬ್ಬರು ಮನುಷ್ಯರು ಸರ್."

"ಹಾಗಿದ್ದರೆ ಎರಡು ದಾಖಲೆ ಕಳಿಸಿ."

"ಎರಡು ಇಲ್ಲ ಸರ್."

"ಒಂದೇ ಇದ್ದರೆ ಒಬ್ಬರೇ. ಹಾಸಿಗೆಯೂ ದಾಖಲೆಯಲ್ಲಿ ಹೆಸರಿರೋರಿಗೇ. ಯಾರ ಹೆಸರಿದೆ?"

"ಗಂಗವ್ವ ಮಾದರ."

"ಆಯ್ತು" ಎಂದ ಆತ. ಬರೆದುಕೊಂಡ ಸದ್ದು ಕೇಳಿಸಿತು. "ನಾಳೆ ಸಂಜೆವರೆಗೆ ಹೆಸರಿನ ತಿದ್ದುಪಡಿ ಇದ್ದರೆ ನೀವೇ ಮಾಡಬಹುದು. ಆಮೇಲೆ ಆಗೋದಿಲ್ಲ."

ಶನಿವಾರ ಮಧ್ಯಾಹ್ನ ಎರಡೂ ಮನೆಯವರು ಕೇಂದ್ರಕ್ಕೆ ಬಂದರು. ಕರೆಸಿದವಳು ಹುಲಿಗೆಮ್ಮ. ಇಂಥದ್ದನ್ನು ಫೋನಿನಲ್ಲಿ ಹೇಳುವುದು ಅವಳಿಗೆ ಆಗಲಿಲ್ಲ. ಎದುರಿಗೆ ಹೇಳುವುದೂ ಆಗಲಿಲ್ಲ, ಆದರೂ ಹೇಳಿದಳು. ಪ್ರೋಗ್ರಾಮಿನ ತಪ್ಪು ಸಾಲು ತನ್ನದು ಎಂಬುದನ್ನೂ ಹೇಳಿದಳು. ಗಂಗವ್ವ, ನಲವತ್ತಾರರ ತೆಳ್ಳನೆ ಹೆಂಗಸು, ಗೋಡೆಗೊರಗಿ ಕೂತಳು. ಅವಳ ಸೊಸೆ ಕಸ್ತೂರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೇ ಇದ್ದಳು.

ಮೊದಲು ಬಾಯಿ ತೆಗೆದವಳು ಖಾಜಾಬಿ. "ನನ್ನ ಗಂಡನ ಹೆಸರಿನ ಮ್ಯಾಲ ಈಕಿ ಹೆಸರು ಬರದಾಂವ ಯಾಂವ? ಮೊದ್ಲ ಅದನ್ನ ಹೇಳ್ರಿ. ಸಾಲಿನ್ಯಾಗ ಮುಂದ ನಿಂತಾಂವ ನಮ್ಮಾಂವ."

ಸಂಗಯ್ಯನವರು ನೆಲ ನೋಡಿದರು.

"ಮುಂದ ನಿಂತ್ರ ಏನಾತು?" ಎಂದಳು ಕಸ್ತೂರಿ. "ಸರಕಾರದ ಕಾಗದದಾಗ ನಮ್ಮತ್ತಿ ಹೆಸರೈತಿ. ನಮ್ಮ ಮನ್ಯಾಗ ಈಗಾಗಲೇ ಒಂದು ಹೆಣ ಹೋಗೈತಿ."

"ನಿಮ್ಮ ಮನೀ ಹೆಣಕ್ಕ ನಮ್ಮಾಂವ ಅತ್ತಾನ! ಎಂಟು ದಿನ! ನಿನ್ನ ಗಂಡ ಅತ್ತಾನೇನ ಅಷ್ಟು?"

"ಖಾಜಾಬಿ!" ಎಂದು ಮಾಬುಸಾಬ ಗದರಿ ಎದ್ದ. "ನನ್ನ ಮಾತು ನಾ ಆಡ್ತೀನಿ. ನೋಡ ಕಸ್ತೂರಿ, ನಾನೂ ಬದಕಬೇಕಂತ ಬಂದೀನಿ, ಸಾಯಾಕಲ್ಲ. ಹೆಸರು ಮೊದ್ಲಿನಾಂಗ..."

ಅಷ್ಟರಲ್ಲಿ ಗಂಗವ್ವ ಎದೆ ಹಿಡಿದುಕೊಂಡಳು. ಅವನ ಸಿಟ್ಟಿನ ಉಸಿರು ಅವಳನ್ನು ಹಿಡಿದು ಜಗ್ಗುತ್ತಿತ್ತು. ತುಟಿ ನೀಲಿಗಟ್ಟಿತು. ಮಾಬುಸಾಬ ಮಾತು ನಿಲ್ಲಿಸಿ ಕೂತ. ಇಬ್ಬರ ಹೆಗಲೂ ಒಂದೇ ಸಲ ಏರಿದವು, ಒಂದೇ ಸಲ ಇಳಿದವು. ಪರದೆಯ ಮೇಲೆ ಗೆರೆ ಸಮವಾಯಿತು.

"ಈಗ ನೀ ಆಡು" ಎಂದ ಅವಳಿಗೆ.

ಗಂಗವ್ವ ಸುಧಾರಿಸಿಕೊಂಡಳು. "ಸಾಬಣ್ಣ, ನಾ ಸುಳ್ಳು ಹೇಳೂದಿಲ್ಲ. ನೀ ಹೋಗು, ನಾ ಇರ್ತೀನಿ ಅಂತ ನನ್ನ ಬಾಯಾಗ ಬರಾಂಗಿಲ್ಲ. ನನಗ ಹಾಸಿಗಿ ಬೇಕು. ನನಗ..." ದನಿ ಏರಿತು, ಅಳು ಬಂತು, ಮತ್ತು ಆ ಕಡೆ ಮಾಬುಸಾಬ ಒಣ ಕಣ್ಣಿನಲ್ಲಿ ಬಿಕ್ಕಳಿಸತೊಡಗಿದ. ಅವಳು ಅಳು ನುಂಗಿಕೊಳ್ಳುವವರೆಗೂ ಅವನಿಗೆ ಬಿಡುಗಡೆಯಿರಲಿಲ್ಲ.

ಹೀಗೇ ಮುಕ್ಕಾಲು ಗಂಟೆ. ಅವನು ನಾಲ್ಕು ಮಾತು, ಆಮೇಲೆ ವಿಶ್ರಾಂತಿ. ಅವಳು ನಾಲ್ಕು ಮಾತು, ಆಮೇಲೆ ವಿಶ್ರಾಂತಿ. ಸರದಿಯ ಮೇಲೆ ಜಗಳ. ಹುಲಿಗೆಮ್ಮ ಪರದೆ ನೋಡುತ್ತ, ಗೆರೆ ಏರಿದಾಗಲೆಲ್ಲ ಕೈ ಎತ್ತುತ್ತಿದ್ದಳು. ತಾನು ಬರೆದ ಒಂದು ಸಾಲಿಗೆ ತಾನೇ ಪಂಚರ ಹಾಗೆ ಕೂತಿರುವುದು ಅವಳಿಗೆ ಹೇಸಿಗೆ ತರಿಸಿತು. ಎದ್ದು ಹೋಗುವ ಹಾಗೂ ಇರಲಿಲ್ಲ. ಹೆಸರಿನ ಖಾನೆ ತೆರೆದೇ ಇತ್ತು. ತಿದ್ದಲು ಕಾಲು ನಿಮಿಷದ ಕೆಲಸ. ತಿದ್ದಿದರೆ ಸಾಯುವವಳು ಗಂಗವ್ವ, ಬಿಟ್ಟರೆ ಮಾಬುಸಾಬ.

ಕಡೆಗೆ ಮಾಬುಸಾಬ ಕೈ ಚೆಲ್ಲಿದ. "ಸಾಕು. ನಾ ಗೆದ್ದೇನಿ ಅನ್ನೂಮಟ ಜಗಳಾಡಬೇಕಂದ್ರ ಈಕಿ ನನ್ನ ಮುಂದ ಸಾಯ್ತಾಳ. ಈಕಿ ಸತ್ರ ನಾ ಎಲ್ಲಿ ಇರ್ತೀನಿ? ಇದರಾಗ ಗೆಲ್ಲಾಕ ಏನೈತಿ?"

"ಹಂಗಂದ್ರ ಬಿಟ್ಟುಕೊಟ್ಟ್ಯಾ?" ಎಂದಳು ಖಾಜಾಬಿ.

"ಬಿಟ್ಟುಕೊಡಲಿಲ್ಲ. ಆಗವಲ್ದು."

"ನಾ ಒಪ್ಪಾಂಗಿಲ್ಲ. ಕೇಳವಾ ಹುಲಿಗೆಮ್ಮ, ಸಾಯೂತನಕ ನಾ ಒಪ್ಪಾಂಗಿಲ್ಲ. ಬರಕೋ."

ಬರೆದುಕೊಳ್ಳಲು ಅದಕ್ಕೊಂದು ಖಾನೆ ಇರಲಿಲ್ಲ. ಸಂಜೆಯಾಯಿತು. ಹುಲಿಗೆಮ್ಮ ಹೆಸರು ತಿದ್ದಲಿಲ್ಲ. ಅದು ತನ್ನ ನಿರ್ಧಾರವೇ ಅಥವಾ ಬರೀ ಕೈ ಆಡಲಿಲ್ಲವೇ ಎಂದು ಅವಳಿಗೆ ಆಗಲೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ.

ಸೋಮವಾರ ಹತ್ತೂವರೆಗೆ ಆಸ್ಪತ್ರೆಯ ಕೋಣೆಯಲ್ಲಿ ಒಂದು ಕಡೆ ಯಂತ್ರದ ಹಾಸಿಗೆ, ಅದರ ಮೇಲೆ ಗಂಗವ್ವ. ನಡುವೆ ಹಸಿರು ಪರದೆ. ಇನ್ನೊಂದು ಕಡೆ ಸಾದಾ ಮಂಚ, ಸಿಲಿಂಡರ್, ಮೂರು ದಿಂಬಿಗೆ ಒರಗಿ ಮಾಬುಸಾಬ. ಡಾಕ್ಟರ್ ಲಮಾಣಿ ಗಂಗವ್ವನಿಗೆ ಮದ್ದು ಕೊಟ್ಟು ನಿದ್ದೆ ಬರಿಸಿದ್ದರು. ಹಾಗಾಗಿ ಮಾಬುಸಾಬನ ಎದೆಯೂ ನಿದ್ದೆಯಲ್ಲಿದ್ದವನ ಹಾಗೆ ನಿಧಾನವಾಗಿ ಆಡುತ್ತಿತ್ತು. ಕಣ್ಣು ಮಾತ್ರ ಪೂರಾ ಎಚ್ಚರ.

ಟವರು ತಾನೇ ಬಂದ್ ಆಗುವವರೆಗೆ ಕಾಯಬಾರದು, ಎರಡೂ ಪಟ್ಟಿಯನ್ನು ಒಂದೇ ಗಳಿಗೆಗೆ ಬಿಡಬೇಕು ಎಂದಿದ್ದರು ಡಾಕ್ಟರು. ಹುಲಿಗೆಮ್ಮ ಲ್ಯಾಪ್‌ಟಾಪ್ ಹಿಡಿದು ಪರದೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು.

"ನೀನ ಒತ್ತಾಕಿ?" ಎಂದ ಮಾಬುಸಾಬ.

"ಹೂನ್ರಿ."

"ಚೊಲೋ ಆತು. ಗುರುತಿಲ್ಲದಾಂವ ಒತ್ತಿದ್ರ ಬ್ಯಾರೆ ಇರ್ತಿತ್ತು." ಉಸಿರು ಸಾಲುವವರೆಗೆ ಕಾದು ಮತ್ತೆ ಹೇಳಿದ, "ಸಿಟ್ಟು ಐತಿ ನಿನ್ನ ಮ್ಯಾಲ. ಇಲ್ಲಂತ ತಿಳಕೋಬ್ಯಾಡ."

"ಇಲ್ರಿ. ತಿಳಕೊಂಡಿಲ್ಲ."

ಡಾಕ್ಟರು ತಲೆಯಾಡಿಸಿದರು. ಹುಲಿಗೆಮ್ಮ ಹದಿನೇಳನೇ ವಿಂಡೋ, ಹದಿನೆಂಟನೇ ವಿಂಡೋ ಎರಡನ್ನೂ ಒಟ್ಟಿಗೆ ಮುಚ್ಚಿದಳು. ಹಸಿರು ಪರದೆಯ ಆ ಕಡೆ ಯಂತ್ರ ಉಸ್ಸೆಂದು ಗಂಗವ್ವನ ಎದೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಈ ಕಡೆ ಮಾಬುಸಾಬ ಬಾಯಿ ತೆರೆದ. ಕೊರಳ ನರ ಹೊರಗೆ ಬಂದವು. ಒಂದು. ಬಹಳ ಹೊತ್ತಾದ ಮೇಲೆ ಎರಡು. ಆಮೇಲೆ ಬೇಗ ಬೇಗ, ಸಣ್ಣ ಸಣ್ಣ, ಸಿಲಿಂಡರಿನ ಮಾಸ್ಕಿನೊಳಗೆ ಮಂಜು ಕಟ್ಟಿಸುವಷ್ಟು ಮಾತ್ರ. ಡಾಕ್ಟರು ಗಡಿಯಾರ ನೋಡಿ ನಿಮಿಷಕ್ಕೆ ಮೂವತ್ತಾರು ಎಂದು ಬರೆದುಕೊಂಡರು.

ಖಾಜಾಬಿ ಗಂಡನ ಪಾದದ ಬಳಿ ನಿಂತಿದ್ದಳು. ಲ್ಯಾಪ್‌ಟಾಪಿನ ಕಡೆ ಬೆರಳು ಮಾಡಿದಳು. "ಅದರಾಗ ಇದ್ದದ್ದು ಹೋತೇನು? ಇಬ್ಬರದೂ ಕೂಡೇ ಇದ್ದದ್ದು?"

"ಇನ್ನಾ ಹೋಗಿಲ್ಲ ಚಿಗವ್ವ. ಯಾರೂ ಹಿಡಕೊಂಡಿಲ್ಲ ಅಂದ್ರ, ಕಂಪ್ಯೂಟರ್ ತನಗ ಪುರಸೊತ್ತಾದಾಗ ಬಂದು ಗುಡಿಸಿ ಹಾಕತೈತಿ."

"ಯಾವಾಗ?"

"ಹೇಳಾಕ ಬರಾಂಗಿಲ್ಲ."

"ಬರದಾಕಿ ನೀನ. ನಿನಗೂ ಗೊತ್ತಿಲ್ಲ?"

"ಬರದಾವರಿಗೂ ಗೊತ್ತಿರಾಂಗಿಲ್ಲ."

ಖಾಜಾಬಿ ಮಂಚದ ಕಡೆ ತಿರುಗಿ, ಅದೇ ದನಿಯಲ್ಲಿ, "ಇಂವ?" ಎಂದಳು.

ಹುಲಿಗೆಮ್ಮ ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತಳು. ಕೇಂದ್ರದಲ್ಲಿ ಉಳಿದ ನಲವತ್ತೊಂದು ಮಂದಿಯ ವರ್ಗಾವಣೆ ಇನ್ನು ಹತ್ತು ನಿಮಿಷದಲ್ಲಿ ಶುರುವಾಗುವುದಿತ್ತು. ಸಂಗಯ್ಯನವರು ಒಬ್ಬರೇ ಇದ್ದರು. ಹೋಗಲೇಬೇಕಿತ್ತು.

"ಮಾತಾಡು" ಎಂದಳು ಖಾಜಾಬಿ.

"ಗೊತ್ತಿಲ್ಲ ಚಿಗವ್ವ."

ಮಾಬುಸಾಬ ಎಣಿಸಿದಂತೆ ಉಸಿರೆಳೆಯುತ್ತ, ಇಬ್ಬರಲ್ಲಿ ಯಾರನ್ನೂ ನೋಡದೆ, ಮೇಲಿನ ಫ್ಯಾನು ನೋಡುತ್ತಿದ್ದ.